ಬಾಗಿಲ ಸಂದಿಯ ಕಪ್ಪು ಗೆರೆಗಳು

ನಕ್ಷತ್ರಗಳ ಕಡೆಗೆ ನಿಮ್ಮ ಮನಸ್ಸು ಹೇಗೆ ಹೊರಳಿತು ಎಂದು ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಮಾಳಿಗೆಯ ಮೇಲೆ ಅಂಗಾತ ಮಲಗಿದ ಹುಡುಗಿ, ಮೇಲೆ ಲೆಕ್ಕವಿಲ್ಲದಷ್ಟು ಚುಕ್ಕಿ, ಪಕ್ಕದಲ್ಲಿ ಕತೆ ಹೇಳುವ ಅಜ್ಜಿ. ಅವರಿಗೆ ಬೇಕಾದದ್ದು ಅದು. ನಾನು ಅದನ್ನು ಕೊಡುವುದಿಲ್ಲ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಂಡು ಮಲಗುವುದೇ ರೂಢಿ, ಮಾಳಿಗೆ ಇದ್ದದ್ದು ಮೆಣಸಿನಕಾಯಿ ಒಣಗಿಸಲು. ನಾನು ನಕ್ಷತ್ರಗಳ ಹತ್ತಿರ ಹೋದದ್ದು ಹಾಡುಹಗಲು, ಸವಣೂರಿನ ಪತ್ತಾರ ಓಣಿಯಲ್ಲಿ, ಅಪ್ಪನ ಕೆಲಸದ ಕೋಣೆಯ ಬಾಗಿಲ ಸಂದಿಯಿಂದ. ನಂಬುವವರು ನಂಬಲಿ, ಬಿಡುವವರು ಬಿಡಲಿ.

ಅಪ್ಪ ಅಕ್ಕಸಾಲಿಗ, ನಮ್ಮ ಕಡೆಯ ಮಾತಿನಲ್ಲಿ ಪತ್ತಾರ. ಕೋಣೆಯ ನಡುವೆ ಅಗ್ಗಿಷ್ಟಿಕೆ, ಅದರ ಮುಂದೆ ಮಣೆ, ಕೈಯಲ್ಲಿ ಊದುಗೊಳವೆ. ಉರಿಯ ಬಣ್ಣ ನೋಡಿಯೇ ಅವರು ಬೆಂಕಿಯಲ್ಲಿ ಏನು ಬಿದ್ದಿದೆ ಎಂದು ಹೇಳುತ್ತಿದ್ದರು. ಉಪ್ಪಿನ ಹರಳು ಬಿದ್ದರೆ ಹಳದಿ, ತಾಮ್ರ ಹೆಚ್ಚಾಗಿದ್ದರೆ ಅಂಚಿನಲ್ಲಿ ಹಸಿರು. ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ, ಬಿದ್ದ ಗೆರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಅದರ ಗುಣ ಹೇಳುತ್ತಿದ್ದರು. ನಾನು ಅಕ್ಷರ ಕಲಿಯುವ ಮೊದಲು ಕಲಿತದ್ದು ಇದನ್ನು. ಬಣ್ಣ ಸುಳ್ಳು ಹೇಳುವುದಿಲ್ಲ, ಹೇಳುವವನು ಮನುಷ್ಯ ಎಂಬುದು ಅವರ ನಂಬಿಕೆ. ಇನ್ನೊಂದು ನಂಬಿಕೆಯೂ ಇತ್ತು. ಚಿನ್ನ ಮಾಡಿಕೊಡುತ್ತೇನೆಂದು ಬೂದಿ ಬಳಿದುಕೊಂಡ ಸಾಧುಗಳು ಆಗಾಗ ಓಣಿಗೆ ಬರುತ್ತಿದ್ದರು. ಅಪ್ಪ ಅವರಿಗೆ ಕುಡಿಯಲು ನೀರು ಕೊಟ್ಟು, "ಬಂಗಾರ ಯಾರೂ ಮಾಡೂದಿಲ್ಲರಿ. ನಾವು ಅದಕ್ಕೊಂದು ರೂಪ ಕೊಡತೇವಿ, ಅಷ್ಟ. ಬರ್ರಿ ಇನ್ನ," ಎಂದು ದಾರಿ ತೋರಿಸುತ್ತಿದ್ದರು.

ಅಕ್ಕಸಾಲಿಗರ ಮನೆಯ ಕಸ ಹೊಸ್ತಿಲು ದಾಟುವುದಿಲ್ಲ. ಅರ ಹಚ್ಚುವಾಗ ಉದುರಿದ್ದು, ಕತ್ತರಿಸುವಾಗ ಸಿಡಿದದ್ದು, ಎಲ್ಲ ಆ ಧೂಳಿನಲ್ಲೇ ಇರುತ್ತದೆ. ಅವ್ವ ಅದನ್ನು ತಿಂಗಳುಗಟ್ಟಲೆ ಗಡಿಗೆಯಲ್ಲಿ ಕೂಡಿಸಿಟ್ಟು, ಕಟ್ಟಿಗೆಯ ಮರಿಗೆಯಲ್ಲಿ ನೀರು ಹಾಕಿ ತೊಳೆಯುತ್ತಿದ್ದಳು. ಮರಿಗೆಯನ್ನು ಅಲುಗಿಸಿ ಅಲುಗಿಸಿ ಮಣ್ಣು ಹೊರಗೆ ಚೆಲ್ಲಿದರೆ ಕೊನೆಗೆ ತಳದಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯುತ್ತಿತ್ತು, ಅದರೊಳಗೆ ಸೂಜಿಮೊನೆಯಷ್ಟು ಹೊಳಪು. ನನಗೆ ಏನೂ ಕಾಣದ ಕಡೆ ಅವ್ವ ಬೆರಳು ಒದ್ದೆ ಮಾಡಿಕೊಂಡು ಮೂರು ಕಣ ಎತ್ತುತ್ತಿದ್ದಳು. ಅವಳು ಹಾನಗಲ್ಲ ಸೀಮೆಯ ತಿಳವಳ್ಳಿಯವಳು, ಭತ್ತದ ನಾಡಿನಲ್ಲಿ ಅಕ್ಕಿಯೊಳಗಿನ ಬಿಳಿ ಕಲ್ಲು ಆರಿಸಿ ಬೆಳೆದವಳು. ಇಷ್ಟಾದರೂ ಒಡವೆ ಒಯ್ಯಲು ಬಂದವರು ಹೊಗಳುತ್ತಿದ್ದದ್ದು ಅಪ್ಪನ ಕೈಯನ್ನು. ಅವ್ವ ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ, ಮಣ್ಣು ತೊಳೆಯುತ್ತಾಳೆ ಎಂದು ನಾವೇ ಹೇಳುತ್ತಿದ್ದೆವು. ನಾನೂ ಹಾಗೇ ಹೇಳಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನನಗೆ ಎಂಟು ವರ್ಷವಾಗುವ ಹೊತ್ತಿಗೆ ಅಪ್ಪನ ಕಣ್ಣು ಕೈಕೊಡತೊಡಗಿತ್ತು. ಬೆಂಕಿಯನ್ನು ದಿಟ್ಟಿಸುವ ಕಸುಬಿನವರಿಗೆ ಇದು ಹೊಸದಲ್ಲ, ಅಜ್ಜನಿಗೂ ಹಾಗೇ ಆಗಿತ್ತಂತೆ. ಮೊದಲು ಕಣ್ಣ ಮುಂದೆ ಕಪ್ಪು ಎಳೆಗಳು ತೇಲಿದವು, ಆಮೇಲೆ ಮಬ್ಬು ಕವಿಯಿತು. ಕಪ್ಪು ಎಳೆ ಎಂಬ ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನನ್ನ ಕೊರಳಿಗೆ ಸುತ್ತಿಕೊಂಡದ್ದು ಅದೇ. ಗಿರಾಕಿಗಳಿಗೆ ಗೊತ್ತಾಗದ ಹಾಗೆ ನಾನು ಅಪ್ಪನ ಪಕ್ಕ ಕುಳಿತು ಒರೆಗಲ್ಲಿನ ಗೆರೆ ನೋಡಿ ಪಿಸುಗುಟ್ಟುತ್ತಿದ್ದೆ. ಅವರು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದರು.

ಆ ವರ್ಷಗಳಲ್ಲೇ ಒಂದು ದೊಡ್ಡ ಮನೆಯ ಹಳೆಯ ಝೂಮರ್, ತೂಗುದೀಪದ ಗಾಜಿನ ಗೊಂಚಲು, ಒಡೆದು ನಮ್ಮಲ್ಲಿಗೆ ಬಂತು. ಅದರ ಹಿತ್ತಾಳೆಯ ಕೊಂಡಿಗಳನ್ನು ಬಿಡಿಸಿ ಕೊಡಬೇಕಿತ್ತು. ಕೆಲಸ ಮುಗಿದ ಮೇಲೆ ತುದಿ ಮುರಿದ ಒಂದು ಗಾಜಿನ ತುಂಡನ್ನು, ಮನೆಯವರು ಬೇಡವೆಂದರೆಂದು, ಅಪ್ಪ ನನಗೆ ಕೊಟ್ಟರು. ಬೆರಳುದ್ದ, ಮೂರು ಮುಖ, ಕೈಯಲ್ಲಿ ಹಿಡಿದರೆ ಕಬ್ಬಿಣದಷ್ಟು ಭಾರ. ಅದರೊಳಗಿಂದ ನೋಡಿದರೆ ಎಲ್ಲದಕ್ಕೂ ಬಣ್ಣದ ಅಂಚು. ಓಣಿಯ ಹುಡುಗಿಯರೆಲ್ಲ ನೋಡಿದರು, ಕಿಲಕಿಲ ನಕ್ಕರು, ಎರಡು ದಿನದಲ್ಲಿ ಮರೆತರು. ನಾನು ಮರೆಯಲಿಲ್ಲ, ನನ್ನ ಹಟ ಆಗಲೇ ಹಾಗಿತ್ತು.

ಕೆಲಸದ ಕೋಣೆಯ ಬಾಗಿಲಿಗೆ ಎರಡು ಹಲಗೆ. ನಡುವೆ ದಾರದ ಎಳೆಯಷ್ಟು ಸಂದಿ. ಮಧ್ಯಾಹ್ನ ಅಪ್ಪ ಮಲಗಿದಾಗ ಬಾಗಿಲು ಹಾಕಿದರೆ ಕೋಣೆ ಕಪ್ಪಗಾಗಿ, ಆ ಸಂದಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮಧ್ಯಾಹ್ನ ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಗಾಜನ್ನು ಕಣ್ಣಿಗೆ ಹಿಡಿದು ಸಂದಿಯನ್ನು ನೋಡಿದೆ. ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿ ಹರಡಿಕೊಂಡಿತು. ಅದರಲ್ಲಿ ಕಪ್ಪು ಗೆರೆಗಳಿದ್ದವು. ಕೂದಲಿನಷ್ಟು ತೆಳ್ಳಗೆ, ನೆಟ್ಟಗೆ. ಹಳದಿಯಲ್ಲಿ ಒಂದು, ಹಸಿರಿನಲ್ಲಿ ಒಂದು, ಹಸಿರು ನೀಲಿಗೆ ತಿರುಗುವಲ್ಲಿ ಇನ್ನೊಂದು, ಆಚೆ ನೇರಳೆಯಲ್ಲಿ ಎರಡು. ಉಸಿರು ಬಿಗಿಹಿಡಿದು ಎಣಿಸಿದೆ. ಐದು.

ಶಾಲೆಯಲ್ಲಿ ಮಾಸ್ತರರಿಗೆ ಹೇಳಿದೆ. ಅವರು ಗಾಜನ್ನು ಕೈಯಲ್ಲಿ ಹೊರಳಿಸಿ ನೋಡಿ, "ತುದಿ ಮುರದೈತಿ ನೋಡು. ಒಳಗ ಸೀಳಿರತಾವು, ಅವು ಕಾಣತಾವು," ಎಂದು ವಾಪಸು ಕೊಟ್ಟರು. ಕಣ್ಣಿಗೆ ಹಿಡಿದು ಸಹ ನೋಡಲಿಲ್ಲ. ನಾನು ಮನೆಗೆ ಬಂದು ಗಾಜನ್ನು ತಲೆಕೆಳಗೆ ಮಾಡಿ ಹಿಡಿದೆ. ಸೀಳಾಗಿದ್ದರೆ ಗಾಜಿನ ಜೊತೆ ಅದೂ ತಿರುಗಬೇಕಿತ್ತು. ಹಸಿರಿನ ಗೆರೆ ಹಸಿರಿನಲ್ಲೇ ಇತ್ತು. ಸಂದಿಯ ಬದಲು ದೀಪದ ಕುಡಿಯನ್ನು ನೋಡಿದೆ. ಬಣ್ಣಗಳೆಲ್ಲ ಇದ್ದವು, ಗೆರೆ ಒಂದೂ ಇರಲಿಲ್ಲ. ಅದೇ ಗಾಜು, ಅದೇ ಕಣ್ಣು. ಅಂದ ಮೇಲೆ ಗೆರೆಗಳು ಬಿಸಿಲಿನ ಬೆಳಕಿನಲ್ಲೇ ಇರಬೇಕಲ್ಲ? ಹನ್ನೆರಡು ವರ್ಷದ ನನಗೆ ಇದು ಗೊತ್ತಾಯಿತು. ಮಾಸ್ತರರಿಗೆ ಮತ್ತೆ ಹೇಳಲು ಹೋದೆ, ಹೋಗಿ ಪಾಠ ಬರಿ ಎಂದರು.

ಅಪ್ಪನ ತಮ್ಮ, ನಮ್ಮ ಕಾಕಾ, ಶಿಗ್ಗಾಂವಿಯಲ್ಲಿ ಅಂಗಡಿ ಹಾಕಿದ್ದ. ಅಪ್ಪನ ಕಣ್ಣು ಮಬ್ಬಾದ ಮೇಲೆ ಮನೆಯ ಯಜಮಾನಿಕೆ ತಾನಾಗಿ ಅವನ ಕೈಗೆ ಹೋಗಿತ್ತು. ಕೆಟ್ಟವನಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅವನೇ ಹಿರೇಕೆರೂರಿನಿಂದ ಒಂದು ಸಂಬಂಧ ತಂದ. ಅವರೂ ಅಕ್ಕಸಾಲಿಗರೇ. ಹೆಣ್ಣು ನೋಡಲು ಬಂದ ದಿನ ಹುಡುಗನ ಅಪ್ಪ, ಹಿರಿಯ, ಚಹದ ಬಶಿ ಕೆಳಗಿಟ್ಟು ಒರೆಗಲ್ಲು ತರಿಸಿ ಎರಡು ಗೆರೆ ಎಳೆದು ನನ್ನ ಮುಂದೆ ಇಟ್ಟ. ನಮ್ಮವರಲ್ಲಿ ಸೊಸೆಯನ್ನು ಹೀಗೆ ನೋಡುವುದಿತ್ತು. ಮಣಿ ಪೋಣಿಸಲು, ಮಣ್ಣು ತೊಳೆಯಲು ಕಣ್ಣು ಬೇಕಲ್ಲ, ಹಾಡು ಹಸೆ ಆಮೇಲೆ. ಯಾವುದು ಹೆಚ್ಚಿನದು ಎಂದು ಕೇಳಿದ. ಬಲಗಡೆಯದು ಎಂದೆ, ಎಡಗಡೆಯದರಲ್ಲಿ ಬೆಳ್ಳಿ ಕೂಡಿದೆ ಎಂದೂ ಹೇಳಿದೆ.

"ಕಣ್ಣು ಭಾಳ ಚುರುಕ ಅದಾವು," ಎಂದು ಆತ ಕಾಕಾನ ಕಡೆ ನೋಡಿ ತಲೆಯಾಡಿಸಿದ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಈ ಹೊತ್ತಿಗೆ ಹಿರೇಕೆರೂರಿನಲ್ಲಿ ಮೊಮ್ಮಕ್ಕಳ ಕಿವಿ ಚುಚ್ಚಿಸುತ್ತಿದ್ದೆ. ಹೊಗಳಿಕೆ ತಲೆಗೇರಿತು. "ನಾ ಇನ್ನೂ ಸಣ್ಣಾವು ನೋಡತೇನ್ರಿ. ಬಿಸಲಿನ ಬೆಳಕಿನಾಗ ಕರೀ ಗೆರಿ ಅದಾವು. ಐದು ಅದಾವು. ಯಾರಿಗೂ ಕಾಣೂದಿಲ್ಲ, ನನಗ ಕಾಣತಾವು," ಎಂದುಬಿಟ್ಟೆ.

ಹಿರಿಯ ಒಮ್ಮೆ ಅಪ್ಪನ ಮಬ್ಬುಗಣ್ಣನ್ನು, ಒಮ್ಮೆ ನನ್ನನ್ನು ನೋಡಿದ. "ಅಪ್ಪನ ಬ್ಯಾನಿ ಮಗಳಿಗೆ ಇಷ್ಟು ಲಗೂನ ಬಂತಲ್ರಿ," ಎಂದು ಎದ್ದ. ಚಹ ಬಶಿಯಲ್ಲೇ ಉಳಿಯಿತು. ಅಕ್ಕಸಾಲಿಗರಲ್ಲದ ಯಾರ ಮನೆಯಲ್ಲಾದರೂ ಆ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದರು. ಕಪ್ಪು ಎಳೆ ಎಂದರೆ ಏನೆಂದು ನಮ್ಮವರಿಗೆ ಮೂರು ತಲೆಮಾರಿನಿಂದ ಗೊತ್ತಿತ್ತು, ಅದಕ್ಕೇ ಅವರೆಲ್ಲ ಒಟ್ಟಿಗೆ ತಪ್ಪು ತಿಳಿದರು.

ಮರುದಿನವೇ ಕಾಕಾ ನನ್ನನ್ನು ಹಕೀಮರ ಹತ್ತಿರ ಕರೆದೊಯ್ದ. ಅವರು ಕಣ್ಣು ಬಿಡಿಸಿ ನೋಡಿ, ಉರಿಯುವ ಸುರ್ಮಾ ಹಚ್ಚಿ, ಮೇಲೆ ಬಿಳಿ ಬಟ್ಟೆ ಕಟ್ಟಿದರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಬಿಚ್ಚಬಾರದು. ಪುಸ್ತಕ ಬೇಡ, ಬೆಂಕಿ ಬೇಡ, ಶಾಲೆ ಬೇಡ. ಒಂದು ತಿಂಗಳು ನಾನು ಗೋಡೆ ಹಿಡಿದು ಓಡಾಡಿದೆ. ಅವ್ವ ತುತ್ತು ಮಾಡಿ ಉಣ್ಣಿಸಿದಳು. ಅತ್ತರೆ ಬಟ್ಟೆ ಒದ್ದೆಯಾಗಿ ಸುರ್ಮಾ ಇನ್ನಷ್ಟು ಉರಿಯುತ್ತಿತ್ತು, ಹಾಗಾಗಿ ಅಳುವುದನ್ನು ಬಿಟ್ಟು ಸಿಟ್ಟು ಮಾಡುವುದನ್ನು ಕಲಿತೆ. ಆ ಸಿಟ್ಟು ಇವತ್ತಿಗೂ ನನ್ನ ಹತ್ತಿರ ಇದೆ, ಬಹಳ ಉಪಯೋಗಕ್ಕೆ ಬಂದಿದೆ.

ಬಟ್ಟೆ ಬಿಚ್ಚಿದ ದಿನ ನೇರವಾಗಿ ಕೆಲಸದ ಕೋಣೆಗೆ ಹೋಗಿ, ಬಾಗಿಲು ಹಾಕಿ, ಗಾಜು ಹಿಡಿದೆ. ಐದೂ ಅಲ್ಲೇ ಇದ್ದವು. ಹೊರಗೆ ಬಂದಾಗ ಕಾಕಾ ಹೊಸ್ತಿಲಲ್ಲಿ ನಿಂತಿದ್ದ.

"ಇನ್ನ ಕಾಣತಾವೇನು?"

"ಕಾಣತಾವು."

"ತಂಗೀ," ಎಂದ ಅವನು, ಮೆತ್ತಗೆ. "ಕಾಣೂದಿಲ್ಲ ಅಂತ ಒಂದ ಮಾತು ಹೇಳು. ಹಿರೇಕೆರೂರಿಗೆ ನಾನ ಹೋಗಿ ತಿಳಿಸಿ ಹೇಳತೇನಿ. ಮದಿವಿ ಆಗೂತನಕ ಸಾಲಿಗೂ ಹೋಗುವಂತಿ."

"ಕಾಣತಾವಲ್ಲ ಕಾಕಾ. ಕಾಣೂದಿಲ್ಲ ಅಂತ ಹೆಂಗ ಹೇಳಲಿ?"

"ಹಂಗಾರ ಸಾಲಿ ಬ್ಯಾಡ. ಇನ್ನಷ್ಟು ಓದಿದರ ಅಪ್ಪನಗತೆ ಕುಂದರತಿ," ಎಂದ. ಗಾಜನ್ನು ನನ್ನ ಕೈಯಿಂದ ತೆಗೆದುಕೊಂಡು ಅವ್ವನಿಗೆ ಕೊಟ್ಟು, ಬಾವಿಗೆ ಹಾಕು ಎಂದು ಹೇಳಿ ಶಿಗ್ಗಾಂವಿಗೆ ಹೋದ. ಗೆರೆ ಕಾಣುವುದಿಲ್ಲ ಎಂದು ಸುಳ್ಳು ಹೇಳಿದರೆ ಮದುವೆ, ನಿಜ ಹೇಳಿದರೆ ರೋಗಿ. ಎರಡರಲ್ಲೂ ಶಾಲೆ ನನ್ನದಲ್ಲ. ನನಗೆ ಬೇಕಾಗಿದ್ದದ್ದು ಶಾಲೆ.

ಅಪ್ಪನ ಮುಂದೆ ಹೋಗಿ ಕುಳಿತೆ. ಗಾಜು ತಿರುಗಿಸಿದ್ದು, ದೀಪ ನೋಡಿದ್ದು, ಎರಡು ಕಣ್ಣಿಂದ ಬೇರೆ ಬೇರೆ ನೋಡಿದ್ದು, ಎಲ್ಲ ಹೇಳಿದೆ. "ನೀ ಸುಳ್ಳು ಹೇಳಾಕತ್ತಿ ಅಂತ ನಾ ಅನ್ನೂದಿಲ್ಲ. ನನಗೂ ಎಳಿ ಖರೇನ ಕಾಣತಿದ್ದುವು. ಕಂಡದ್ದೆಲ್ಲ ಹೊರಗ ಇರೂದಿಲ್ಲ ತಂಗೀ," ಎಂದರು.

ನನಗೆ ಆಗ ಹೊಳೆದದ್ದು ಅವರದೇ ಕಸುಬಿನ ಮಾತು. ಚಿನ್ನದ ಗುಣದ ಬಗ್ಗೆ ಜಗಳವಾದರೆ ನಮ್ಮ ಓಣಿಯಲ್ಲಿ ಎರಡು ಒರೆ ಹಿಡಿಯುತ್ತಿದ್ದರು. ಇಬ್ಬರು ಅಕ್ಕಸಾಲಿಗರು ಬೇರೆ ಬೇರೆ ಕೋಣೆಯಲ್ಲಿ ಕುಳಿತು ಅದೇ ಒಡವೆಯನ್ನು ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳದೆ ಅರಗಿನ ತುಂಡಿನ ಮೇಲೆ ಗೀಚಿ ಕೊಡಬೇಕು. ಎರಡೂ ಕೂಡಿ ಬಂದರೆ ತಕರಾರು ಮುಗಿಯಿತು, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

"ಹಂಗಾರ ನನ್ನ ಗೆರಿಗೂ ಎರಡು ಒರಿ ಹಿಡಸ್ರಿ," ಎಂದೆ. "ನಿಮ್ಮ ಅಂಗಡಿಗೆ ಬಂದ ಮೂಗುತಿಗೊಂದು ನ್ಯಾಯ, ಮಗಳ ಮಾತಿಗೊಂದು ನ್ಯಾಯ ಏನ್ರಿ?"

ಅಪ್ಪನ ಮುಖ ಕೆಂಪಾಯಿತು. ಬಡಿಯುತ್ತಾರೆಂದುಕೊಂಡೆ. ಅವರು ಮಣೆ ಸರಿಸಿ ಕುಳಿತು, "ಇನ್ನೊಬ್ಬರು ಯಾರು ನೋಡವರು?" ಎಂದರು.

ಅದೇ ಕಷ್ಟ. ಓಣಿಯ ಗಂಡಸರು ಯಾರೂ ಆ ಗಾಜನ್ನು ಮುಟ್ಟುತ್ತಿರಲಿಲ್ಲ, ಕಣ್ಣು ಹೋಗುವ ಅಂಜಿಕೆ. ಆಗ ಅಡಿಗೆಮನೆಯ ಬಾಗಿಲಲ್ಲಿ ಅವ್ವ ಕಾಣಿಸಿಕೊಂಡಳು. ಸೆರಗಿನ ಗಂಟು ಬಿಚ್ಚಿ ಗಾಜನ್ನು ಹೊರಗೆ ತೆಗೆದಳು. ಬಾವಿಗೆ ಹಾಕಿರಲಿಲ್ಲ.

"ಏನ್ರಿ, ನಾ ನೋಡ್ಲೇನು?" ಎಂದಳು. ಆ ಮನೆಯಲ್ಲಿ ಅವಳು ಒರೆಯ ಮಾತಿನಲ್ಲಿ ಬಾಯಿ ಹಾಕಿದ್ದು ಅದೇ ಮೊದಲು.

ಅಪ್ಪ ಎರಡು ಅರಗಿನ ಪಟ್ಟಿ ಮಾಡಿದರು, ಗೇಣುದ್ದ. ಒಂದು ತುದಿಗೆ ಉಗುರಿನಿಂದ ಒತ್ತಿ ಗುರುತು ಮಾಡಿ, ಇದು ಕೆಂಪಿನ ಕಡೆ ಎಂದರು. ಮೊದಲು ನಾನು ಒಳಗೆ ಹೋಗಿ ನೋಡಿ ಸೂಜಿಯಿಂದ ಐದು ಗೀರು ಹಾಕಿ ತಂದೆ. ಎಷ್ಟು ಗೆರೆ, ಎಲ್ಲೆಲ್ಲಿ ಎಂದು ಅವ್ವನಿಗೆ ಗೊತ್ತಾಗದಂತೆ ಅಪ್ಪ ನನ್ನ ಪಟ್ಟಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಹಿರೇಕೆರೂರಿನವರ ಮುಂದೆ ನಾನು ಐದು ಎಂದದ್ದನ್ನು ಅವ್ವ ಕೇಳಿದ್ದಳಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಹೇಳಲಿಲ್ಲ. ಅವ್ವ ಒಳಗೆ ಹೋದವಳು ಬೇಗ ಬರಲಿಲ್ಲ. ಒಲೆಯ ಮೇಲಿನ ಬೇಳೆ ಉಕ್ಕಿ ಬೂದಿಗೆ ಬಿದ್ದ ವಾಸನೆ ಬಂತು, ನಾನು ಎದ್ದು ಹೋಗಿ ಗಡಿಗೆ ಇಳಿಸಿದೆ. ಕೊನೆಗೆ ಬಾಗಿಲು ತೆರೆಯಿತು. ಅವ್ವ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಪಟ್ಟಿಯನ್ನು ಅಪ್ಪನ ಕೈಗೆ ಕೊಟ್ಟಳು.

ಅಪ್ಪನಿಗೆ ಗೀರು ಕಾಣುವಂತಿರಲಿಲ್ಲ. ಎರಡನ್ನೂ ಒಂದರ ಪಕ್ಕ ಒಂದು ತೊಡೆಯ ಮೇಲಿಟ್ಟು ಎರಡು ಕೈಯ ತೋರುಬೆರಳನ್ನು ಒಟ್ಟಿಗೆ ಸರಿಸಿದರು. ಕೆಂಪಿನ ತುದಿಯಿಂದ ಹೊರಟ ಬೆರಳುಗಳು ಹಳದಿಯಲ್ಲಿ ಒಟ್ಟಿಗೆ ನಿಂತವು. ಹಸಿರಿನಲ್ಲಿ ಒಟ್ಟಿಗೆ ನಿಂತವು. ಮುಂದೆ ಹೋದವು, ನಿಂತವು. ನೇರಳೆಯ ಹತ್ತಿರ ಅವ್ವನ ಪಟ್ಟಿಯ ಮೇಲಿನ ಬೆರಳು ಮಾತ್ರ ನಿಂತಿತು, ನನ್ನ ಪಟ್ಟಿಯದು ಜಾರಿ ಹೋಯಿತು. ಕೊನೆಯ ಎರಡು ಗೀರಿನಲ್ಲಿ ಬೆರಳುಗಳು ಮತ್ತೆ ಕೂಡಿದವು. ಅಪ್ಪ ಹಿಂದಕ್ಕೆ ಬಂದು ಮತ್ತೆ ನೋಡಿದರು.

"ಇಲ್ಲೆ ಒಂದು ಹೆಚ್ಚಿಗಿ ಐತಿ," ಎಂದರು.

ನಾನು ಅಂಜಿದೆ. ಅವ್ವ ಅಂಜಲಿಲ್ಲ. "ಆರ ಅದಾವ್ರಿ. ಆಕೀ ಗಡಿಬಿಡಿ ಮಾಡತಾಳ. ಅದೊಂದು ಸಣ್ಣದು, ಕುಂತು ನೋಡಿದರ ಕಾಣತೈತಿ," ಎಂದಳು.

ನಾನು ಗಾಜು ಕಸಿದುಕೊಂಡು ಒಳಗೆ ಓಡಿದೆ. ನೀಲಿ ನೇರಳೆಯಾಗುವ ಜಾಗದಲ್ಲಿ ದೃಷ್ಟಿ ನೆಟ್ಟು ನಿಂತೆ. ಮೊದಲು ಏನೂ ಇರಲಿಲ್ಲ. ಆಮೇಲೆ ಇತ್ತು. ತಿಂಗಳುಗಟ್ಟಲೆ ನಾನು ನೋಡಿಯೂ ಕಾಣದಿದ್ದದ್ದನ್ನು ಅವ್ವ ಮೊದಲ ಸಲಕ್ಕೇ ಎತ್ತಿದ್ದಳು, ಮರಿಗೆಯ ತಳದಿಂದ ಎತ್ತುವ ಹಾಗೆ. ಹೊರಗೆ ಬಂದು, "ಐತಿ ಅಪ್ಪಾ. ಆರನೇದು ಐತಿ," ಎಂದೆ. ಖುಷಿಗೆ ಅಳು ಬಂತು, ಅತ್ತೆ. ಈಗ ಉರಿಯಲು ಸುರ್ಮಾ ಇರಲಿಲ್ಲ.

ಅಪ್ಪ ಎರಡೂ ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಚಿನ್ನ ಇಡುವ ಪೆಟ್ಟಿಗೆಯಲ್ಲಿಟ್ಟರು. ಮುಂದಿನ ವಾರ ಕಾಕಾ ಬಂದಾಗ ಅವನ್ನು ಹೊರಗೆ ತೆಗೆದು ಅವನ ಬೆರಳು ಹಿಡಿದು ಗೀರುಗಳ ಮೇಲೆ ಓಡಿಸಿದರು. "ಗೆರಿ ಬೆಳಕಿನಾಗ ಅದಾವ. ಆಕೀ ಕಣ್ಣು ಬರೋಬರಿ ಅದಾವ. ಸಾಲಿಗೆ ಹೋಗತಾಳ," ಎಂದರು. ಎರಡು ಒರೆ ಕೂಡಿ ಬಂದ ಮೇಲೆ ಕಾಕಾನೂ ಅಕ್ಕಸಾಲಿಗನೇ, ಏನು ಮಾತಾಡಿಯಾನು? ಹಿರೇಕೆರೂರಿನವರು ಅಷ್ಟರಲ್ಲಿ ಬೇರೆ ಹೆಣ್ಣು ನೋಡಿದ್ದರು. ನನಗೆ ಒಂದು ಹನಿಯೂ ದುಃಖವಾಗಲಿಲ್ಲ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಯಿತು. ಧಾರವಾಡಕ್ಕೆ ಹೋದೆ. ಊರು ಬಿಡುವಾಗ ಓಣಿ ಏನೆಲ್ಲ ಆಡಿಕೊಂಡಿತು ಎಂಬುದನ್ನು ಬರೆದು ಅವರಿಗೆ ಮರ್ಯಾದೆ ಕೊಡುವುದಿಲ್ಲ. ಕಾಲೇಜಿನ ಎರಡನೆಯ ವರ್ಷ, ಭೌತಶಾಸ್ತ್ರದ ಒಂದು ದಪ್ಪ ಪುಸ್ತಕದ ಪುಟ ತಿರುಗಿಸಿದಾಗ ಅಲ್ಲಿ ನನ್ನ ಬಾಗಿಲ ಸಂದಿ ಇತ್ತು. ಸೂರ್ಯನ ಬೆಳಕಿನ ಪಟ್ಟಿ, ಅದರಲ್ಲಿ ಕಪ್ಪು ಗೆರೆಗಳು, ಅವ್ವನ ಆರನೆಯದೂ ಸೇರಿ. ನೂರು ವರ್ಷಕ್ಕೂ ಹಿಂದೆಯೇ ಯಾರೋ ಇದನ್ನು ನೋಡಿ, ಬರೆದು, ಅಚ್ಚು ಹಾಕಿಸಿದ್ದರು. ಸೂರ್ಯನ ಮೈ ಸುತ್ತಿರುವ ಕಾದ ಆವಿಯಲ್ಲಿ ಯಾವ ಲೋಹವಿದೆಯೋ ಅದು ತನ್ನ ಬಣ್ಣವನ್ನು ನುಂಗುತ್ತದೆ, ನುಂಗಿದಲ್ಲಿ ಕಪ್ಪು ಬೀಳುತ್ತದೆ. ಹಳದಿಯಲ್ಲಿದ್ದದ್ದು ಉಪ್ಪಿನೊಳಗಿನ ಲೋಹ, ಅಪ್ಪನ ಉರಿಯನ್ನು ಹಳದಿ ಮಾಡುತ್ತಿದ್ದದ್ದು. ಹಸಿರಿನಲ್ಲಿ ಕಬ್ಬಿಣ. ಸೂರ್ಯ ದಿನವೂ ನಮ್ಮ ಬಾಗಿಲಿಗೆ ಬಂದು ತನ್ನ ಒರೆ ಎಳೆದು ಹೋಗುತ್ತಿದ್ದ.

ಓದಿದವರು ಆಗ ನಿಮಗೆ ಆನಂದವಾಯಿತೇ ಎಂದು ಕೇಳುತ್ತಾರೆ. ಇಲ್ಲ, ಹೊಟ್ಟೆ ಉರಿಯಿತು. ಜಗತ್ತಿಗೆ ಗೊತ್ತಿದ್ದ ಸಂಗತಿಗೆ ಸವಣೂರಿನಲ್ಲಿ ನನ್ನ ಕಣ್ಣು ಕಟ್ಟಿದ್ದರು. ಗಾಜನ್ನು ಕಣ್ಣಿಗೆ ಹಿಡಿದು ಒಮ್ಮೆ ನೋಡುವಷ್ಟು ಪುರಸೊತ್ತು ನಮ್ಮ ಮಾಸ್ತರರಿಗೆ ಇರಲಿಲ್ಲ. ಆ ದಿನವೇ ತೀರ್ಮಾನಿಸಿದೆ, ಇದನ್ನೇ ಮಾಡುತ್ತೇನೆ ಎಂದು.

ನಲವತ್ತರ ದಶಕದ ಕೊನೆಯ ವರ್ಷಗಳಲ್ಲಿ ದೂರದ ಒಂದು ಬೆಟ್ಟದ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು. ಅದರ ಹೆಸರು ಇಲ್ಲಿ ಬೇಡ. ರಾತ್ರಿಯ ದೂರದರ್ಶಕ ಗಂಡಸರದ್ದು. ಅವರು ಚುಕ್ಕಿಯ ಬೆಳಕನ್ನು ಬಣ್ಣಪಟ್ಟಿಯಾಗಿ ಬಿಡಿಸಿ ಗಾಜಿನ ಫಲಕದ ಮೇಲೆ ಚಿತ್ರ ತೆಗೆದು ಕೊಟ್ಟರೆ, ನಾನು ಹಗಲಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಗೆರೆ ಅಳೆಯಬೇಕು. ಹೆಂಗಸರಿಗೆ ತಕ್ಕ ಕೆಲಸ ಎಂದು ಅವರ ಎಣಿಕೆ. ಅವರಿಗೆ ಗೊತ್ತಿಲ್ಲದ್ದು, ನಾನು ಅದನ್ನು ಮರಿಗೆ ತೊಳೆಯುವುದು ಎಂದುಕೊಂಡೇ ಮಾಡುತ್ತಿದ್ದೆ ಎಂಬುದು.

ಒಂದು ಕೆಂಪು ಚುಕ್ಕಿಯ ಫಲಕದಲ್ಲಿ ಒಂದು ಗೆರೆ ಇರಬೇಕಾದ್ದಕ್ಕಿಂತ ಬಹಳ ಕಪ್ಪಗಿತ್ತು. ಅದು ಬೇರಿಯಂ ಎಂಬ ಭಾರವಾದ ಲೋಹದ್ದು. ನೆರೆಯ ಚುಕ್ಕಿಗಳಲ್ಲಿ ಅದೇ ಗೆರೆ ಇದ್ದೂ ಇಲ್ಲದಂತಿತ್ತು. ಲೋಹಗಳೆಲ್ಲ ಜಗತ್ತು ಹುಟ್ಟುವಾಗಲೇ ಒಂದೇ ಸಲಕ್ಕೆ ಹುಟ್ಟಿ ಎಲ್ಲ ಕಡೆ ಹಂಚಿಹೋದವು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದ ಕಾಲ ಅದು. ಹಾಗಾದರೆ ಈ ಒಂದಕ್ಕೆ ಮಾತ್ರ ಇಷ್ಟು ಎಲ್ಲಿಂದ ಬಂತು? ಅದರೊಳಗೇ ಅಥವಾ ಅದರ ಮಗ್ಗುಲಲ್ಲೇ ಒಂದು ಒಲೆ ಉರಿಯುತ್ತಿರಬೇಕು, ಭಾರದ ಲೋಹ ಅಲ್ಲೇ ಬೇಯುತ್ತಿರಬೇಕು. ಮುಖ್ಯಸ್ಥರು ಫಲಕವನ್ನು ಕಿಟಕಿಗೆ ಹಿಡಿದು ನೋಡಿ, ಇದು ಗಾಜಿನ ದೋಷ ಎಂದರು. ಅದೇ ಮಾತು! ಪಿತ್ತ ನೆತ್ತಿಗೇರಿತು. ಎರಡನೆಯವರೊಬ್ಬರು ಅಳೆಯಲಿ ಎಂದೆ. ನಿಯಮವೂ ಹಾಗೇ ಇತ್ತು. ಯಾರೂ ಅಳೆಯಲಿಲ್ಲ, ಅವರಿಗೆಲ್ಲ ಬೇರೆ ಕೆಲಸವಿತ್ತು.

ರಜೆಯಲ್ಲಿ ಫಲಕದ ದೊಡ್ಡ ಪ್ರತಿ ಮಾಡಿಸಿಕೊಂಡು ಸವಣೂರಿಗೆ ಬಂದೆ. ಅಪ್ಪನಿಗೆ ಆ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಚುಕ್ಕಿಗಳ ಒಳಗೆ ಲೋಹ ಹುಟ್ಟುತ್ತಿರಬಹುದು, ಬಂಗಾರವೂ ಹಾಗೇ ಎಲ್ಲೋ ಹುಟ್ಟಿರಬಹುದು ಎಂದು ಹೇಳಿದಾಗ ಅವರು ಬಹಳ ನಕ್ಕರು. "ಚುಕ್ಕಿ ಪತ್ತಾರಿಕಿ ಮಾಡತಾವೇನು? ನನ್ನ ಮಗಳೂ ಬೂದಿ ಬಡಕೊಂಡು ಬಂದಾಳಲ್ಲ," ಎಂದರು. ನಗು ನಿಂತ ಮೇಲೆ ಕೈ ಚಾಚಿ ನನ್ನ ತಲೆ ಹುಡುಕಿದರು. "ಎರಡು ಒರಿ ಹಿಡಿಸಿಯೇನು?"

"ಯಾರೂ ಹಿಡಿಯವಲ್ರು."

"ಮನ್ಯಾಗ ಇದ್ದಾಳಲ್ಲ."

ಅವ್ವನಿಗೆ ಆಗ ಕೂದಲು ನೆರೆತಿತ್ತು. ಕಣ್ಣು ನೆರೆತಿರಲಿಲ್ಲ. ಬಾಗಿಲ ಬೆಳಕಿನಲ್ಲಿ ಪ್ರತಿಯನ್ನು ಹಾಸಿಕೊಂಡು ಕುಳಿತಳು. ಯಾವ ಗೆರೆಯ ಬಗ್ಗೆ ಜಗಳ ಎಂದು ನಾನು ಹೇಳಲಿಲ್ಲ. ಕಂಡದ್ದಕ್ಕೆಲ್ಲ ಸೂಜಿಯಿಂದ ಚುಚ್ಚಿ ಗುರುತು ಮಾಡು, ಎಷ್ಟು ಕಪ್ಪು ಎನ್ನುವುದಕ್ಕೆ ಸಾಸಿವೆ, ಜೋಳ, ಕಡಲೆ ಎಂದು ಮೂರು ಅಳತೆ ಇಟ್ಟುಕೋ ಎಂದೆ. ಮೂರು ದಿನ, ಅಡಿಗೆಯ ನಡುವೆ ನಡುವೆ, ಅವಳು ಕಾಳು ಇಡುತ್ತ ಹೋದಳು. ನಾನು ಗೆರೆ ಎಂದು ಬರೆದಿದ್ದ ಎರಡನ್ನು ಅವಳು ಬಿಟ್ಟಿದ್ದಳು.

"ಅವು ಯಾಕ ಬಿಟ್ಟಿ ಯವ್ವಾ?"

"ಅವು ಕಸ. ಪಟ್ಟಿ ಪೂರ್ತಿ ಅಡ್ಡ ಹಾದಿಲ್ಲ ನೋಡು, ಅರ್ಧಕ್ಕ ನಿಂತಾವು. ಧೂಳು ಕುಂತೈತಿ," ಎಂದಳು. ನೋಡಿದೆ. ಹೌದು, ಧೂಳೇ. ನನಗೆ ಮುಖ ತೋರಿಸಲು ನಾಚಿಕೆಯಾಯಿತು. ಆದರೆ ಮುಖ್ಯಸ್ಥರು ಗಾಜಿನ ದೋಷ ಎಂದಿದ್ದ ಗೆರೆಯ ಮೇಲೆ ಅವ್ವ ಕಡಲೆ ಇಟ್ಟಿದ್ದಳು. ಇಡೀ ಪಟ್ಟಿಯಲ್ಲಿ ಅಂಥ ಕಡಲೆ ಇದ್ದದ್ದು ನಾಲ್ಕೋ ಐದೋ.

ಬೆಟ್ಟಕ್ಕೆ ಮರಳಿ, ಅಳತೆಯ ಪುಸ್ತಕದಲ್ಲಿ ಅವಳ ಗುರುತುಗಳನ್ನೆಲ್ಲ ತುಂಬಿದೆ. ಎರಡನೆಯ ಅಳತೆ ಯಾರದು ಎಂಬಲ್ಲಿ, ನನ್ನ ಅವ್ವ, ಸವಣೂರು, ಕೆಲಸ ಮಣ್ಣು ತೊಳೆಯುವುದು ಎಂದು ಬರೆದೆ. ಮುಖ್ಯಸ್ಥರು ಅದನ್ನು ಓದಿ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು. ಇದು ವಿಜ್ಞಾನದ ಪುಸ್ತಕ, ನಿಮ್ಮ ಮನೆಯ ಸುದ್ದಿ ಇಲ್ಲಿ ಬೇಡ ಎಂದರು. ಧೂಳನ್ನು ಗೆರೆ ಎಂದವಳು ನಾನು, ನನ್ನ ಹೆಸರು ಇದರಲ್ಲಿದೆ, ಧೂಳನ್ನು ಧೂಳು ಎಂದವಳದ್ದು ಯಾಕಿರಬಾರದು ಎಂದು ಕೇಳಿದೆ. ಅವರ ಎದುರಿಗೇ ಕೆಳಗಿನ ಸಾಲಿನಲ್ಲಿ ಮತ್ತೆ ಬರೆದೆ.

ಮುಂದೆ ಅದೇ ಚುಕ್ಕಿಯ ಚಿತ್ರವನ್ನು ಬೇರೆ ಫಲಕದ ಮೇಲೆ ತೆಗೆದರು. ಗೆರೆ ಅಲ್ಲೇ ಇತ್ತು, ಅಷ್ಟೇ ಕಪ್ಪಗೆ. ಮುಖ್ಯಸ್ಥರು ಗೆರೆಯನ್ನು ಒಪ್ಪಿಕೊಂಡರು. ಚುಕ್ಕಿಗಳ ಒಲೆಯಲ್ಲೇ ಭಾರದ ಲೋಹ ಬೇಯುತ್ತದೆ ಎಂಬುದನ್ನು ಆಮೇಲಿನ ವರ್ಷಗಳಲ್ಲಿ ನನಗಿಂತ ದೊಡ್ಡವರು ಬಹಳ ಜನ ಸೇರಿ ತೋರಿಸಿಕೊಟ್ಟರು, ನನ್ನದು ಅದರಲ್ಲಿ ಒಂದು ಚಿಟಿಕೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇದ್ದದ್ದು ಅಳತೆಯ ಪುಸ್ತಕದ ಆ ಒಂದು ಸಾಲಿನ ಬಗ್ಗೆ. ಅವರು ಮತ್ತೆ ಹೊಡೆದುಹಾಕಿದರು, ನಾನು ಮತ್ತೆ ಬರೆದೆ. ಆ ಪುಟದಲ್ಲಿ ಇವತ್ತಿಗೂ ಕೆಂಪು ಗೀಟು ಮೂರು ಇವೆ, ಅವ್ವ ನಾಲ್ಕು ಸಲ ಇದ್ದಾಳೆ.